ಉಗಿಬಂಡಿಯ ನೆನಪುಗಳಲ್ಲಿ ಬ್ರೇಕು ಎಲ್ಲಿದೆ?

ಉತ್ತರ ಇಂಗ್ಲೆಂಡಿನ ರೈಲುಗಳನ್ನು ಕುರಿತ ನೆನಪಿನ ಬರಹಗಳಿಗೆ ಕೊರತೆಯಿಲ್ಲ. 1968ರ ಆಗಸ್ಟ್ 11ರಂದು ಲಿವರ್‌ಪೂಲ್ ಮತ್ತು ಕಾರ್ಲೈಲ್ ನಡುವೆ ಓಡಿದ ವಿದಾಯದ ಗಾಡಿಯೊಂದಿಗೆ ಬ್ರಿಟಿಷ್ ರೈಲ್ವೆಯ ಮುಖ್ಯ ಮಾರ್ಗಗಳಲ್ಲಿ ಉಗಿಯ ಯುಗ ಮುಗಿಯಿತು. ಅಂದಿನಿಂದ ಆತ್ಮಕಥೆಗಳು, ಛಾಯಾಚಿತ್ರ ಸಂಪುಟಗಳು ಬರುತ್ತಲೇ ಇವೆ. ಇವುಗಳಲ್ಲಿ ಎಂಜಿನಿನ ಸಂಖ್ಯೆ, ಬಣ್ಣ, ಶಿಳ್ಳೆ, ಚಿಮಣಿಯ ಹೊಗೆ ಎಲ್ಲವೂ ಸಿಗುತ್ತವೆ. ಆದರೆ ನಾನು ಓದಿದ ಬಹುಪಾಲು ಬರಹಗಳಲ್ಲಿ ಒಂದು ಸರಳ ಪ್ರಶ್ನೆಗೆ ಉತ್ತರವಿಲ್ಲ. ಕಲ್ಲಿದ್ದಲು ತುಂಬಿದ ಆ ಗಾಡಿಯನ್ನು ನಿಲ್ಲಿಸುತ್ತಿದ್ದುದು ಹೇಗೆ?

ಮೊದಲು ಎಲ್ಲರೂ ಕೊಂಡಾಡುವ ಉದಾಹರಣೆಯನ್ನೇ ನೋಡೋಣ. ಯಾರ್ಕ್ ನಗರದ ರಾಷ್ಟ್ರೀಯ ರೈಲ್ವೆ ಸಂಗ್ರಹಾಲಯದ ಹೆಮ್ಮೆಯ ಎಂಜಿನ್ ಮ್ಯಾಲರ್ಡ್. 1938ರ ಜುಲೈ 3ರಂದು ಅದು ಗಂಟೆಗೆ 126 ಮೈಲಿ, ಎಂದರೆ ಸುಮಾರು 203 ಕಿ.ಮೀ. ವೇಗ ಮುಟ್ಟಿ ಉಗಿ ಎಂಜಿನುಗಳ ವಿಶ್ವದಾಖಲೆ ಸ್ಥಾಪಿಸಿತು. ಆದರೆ ಅದು ಓಡಿದ್ದು ಲಿಂಕನ್‌ಶೈರಿನ ಸ್ಟೋಕ್ ಇಳಿಜಾರಿನಲ್ಲಿ, ಬಹುಪಾಲು 200ಕ್ಕೆ 1ರ ಇಳಿತದಲ್ಲಿ. ಎಂಜಿನ್ ಮತ್ತು ಬೋಗಿಗಳ ಒಟ್ಟು ತೂಕ ಸುಮಾರು 400 ಟನ್ ಎಂದಿಟ್ಟುಕೊಳ್ಳಿ. ಆ ಇಳಿತದಲ್ಲಿ ಗುರುತ್ವವೇ ಗಾಡಿಯನ್ನು ಸುಮಾರು 20 ಕಿಲೋನ್ಯೂಟನ್ ಬಲದಿಂದ ಎಳೆಯುತ್ತದೆ. ಸೆಕೆಂಡಿಗೆ 56 ಮೀಟರ್ ವೇಗದಲ್ಲಿ ಇದು ಸುಮಾರು 1,500 ಅಶ್ವಶಕ್ತಿಗೆ ಸಮ! ದಾಖಲೆ ಸುಳ್ಳಲ್ಲ; ಆದರೆ ಅದರಲ್ಲಿ ಭೂಮಿಯ ಪಾಲು ಎಷ್ಟೆಂಬುದನ್ನು ನೆನಪಿನ ಬರಹಗಳು ಸಾಮಾನ್ಯವಾಗಿ ಹೇಳುವುದಿಲ್ಲ.

ಉತ್ತರ ಇಂಗ್ಲೆಂಡಿನ ರೈಲು ಹುಟ್ಟಿದ್ದು ವೇಗಕ್ಕಾಗಿ ಅಲ್ಲ, ಕಲ್ಲಿದ್ದಲಿಗಾಗಿ. 1825ರಲ್ಲಿ ತೆರೆದ ಸ್ಟಾಕ್‌ಟನ್–ಡಾರ್ಲಿಂಗ್‌ಟನ್ ಮಾರ್ಗದ ಉದ್ದೇಶ ಗಣಿಯಿಂದ ನದಿಯ ಬಂದರಿಗೆ ಕಲ್ಲಿದ್ದಲು ಸಾಗಿಸುವುದು. ತುಂಬಿದ ವ್ಯಾಗನ್‌ಗಳು ಇಳಿಜಾರಿನಲ್ಲಿ ತಾವಾಗಿಯೇ ಉರುಳುತ್ತಿದ್ದವು. ಹಾಗೆ ಉರುಳುವಾಗ ಎಳೆಯುವ ಕುದುರೆ ಹಿಂದಿನ ಪುಟ್ಟ ಬಂಡಿಯೊಂದರಲ್ಲಿ ನಿಂತು ವಿಶ್ರಾಂತಿ ಪಡೆಯುತ್ತಿತ್ತು. ಅಲ್ಲಿನ ಎಂಜಿನಿಯರುಗಳಿಗೆ ಎಳೆಯುವುದರಷ್ಟೇ ತಡೆಯುವುದೂ ಸಮಸ್ಯೆಯಾಗಿತ್ತು.

ಈ ಸಮಸ್ಯೆಯ ಲೆಕ್ಕ ಕಷ್ಟವೇನಲ್ಲ. ದಕ್ಷಿಣ ಯಾರ್ಕ್‌ಶೈರಿನ ವರ್ಸ್‌ಬರೋ ಏರು 40ಕ್ಕೆ 1. ನಮ್ಮ ಕ್ಯಾಸಲ್‌ರಾಕ್ ಘಟ್ಟದ ಏರು 37ಕ್ಕೆ 1 ಎಂಬುದನ್ನು ನೆನೆದರೆ ಇದರ ಕಡಿದು ನಿಮಗೆ ಅಂದಾಜಾದೀತು. 600 ಟನ್ ಗಾಡಿಯ ಮೇಲೆ ಇಲ್ಲಿ ಕೆಳಮುಖವಾಗಿ ಸುಮಾರು 147 ಕಿಲೋನ್ಯೂಟನ್ ಬಲ ಬೀಳುತ್ತದೆ. ಇಂಥ ಗಾಡಿಗಳನ್ನು ಹಿಂದಿನಿಂದ ತಳ್ಳಲೆಂದೇ 1925ರಲ್ಲಿ ಮ್ಯಾಂಚೆಸ್ಟರಿನ ಬೇಯರ್ ಪೀಕಾಕ್ ಕಾರ್ಖಾನೆ ಗ್ಯಾರಟ್ ಮಾದರಿಯ ಬೃಹತ್ ಎಂಜಿನೊಂದನ್ನು ಕಟ್ಟಿತು. ಅದರ ಎಳೆತ ಬಲ ಸುಮಾರು 324 ಕಿಲೋನ್ಯೂಟನ್. ಈ ಎಂಜಿನಿನ ವರ್ಣನೆ ನಿಮಗೆ ಹೇರಳವಾಗಿ ಸಿಗುತ್ತದೆ. ಅದೇ ಬಲವನ್ನು ಇಳಿಯುವ ದಿಕ್ಕಿನಲ್ಲಿ ತಡೆಯುತ್ತಿದ್ದವರ ವರ್ಣನೆ ಸಿಗುವುದು ವಿರಳ.

ತಡೆಯುತ್ತಿದ್ದವರು ಯಾರು? 1889ರ ಕಾಯಿದೆಯು ಬ್ರಿಟನ್ನಿನ ಪ್ರಯಾಣಿಕರ ಗಾಡಿಗಳಿಗೆ ಎಲ್ಲ ಬೋಗಿಗಳಲ್ಲೂ ಒಮ್ಮೆಗೇ ಹಿಡಿಯುವ ಸ್ವಯಂಚಾಲಿತ ಬ್ರೇಕನ್ನು ಕಡ್ಡಾಯಗೊಳಿಸಿತು. ಸರಕು ಗಾಡಿಗಳಿಗೆ ಈ ಕಡ್ಡಾಯವಿರಲಿಲ್ಲ. ಆದ್ದರಿಂದ ಕಲ್ಲಿದ್ದಲು ಗಾಡಿಯಲ್ಲಿ ಚಾಲಕನ ಕೈಗೆ ಸಿಗುತ್ತಿದ್ದುದು ಎಂಜಿನಿನ ಬ್ರೇಕು, ಕೊನೆಯಲ್ಲಿ ಗಾರ್ಡಿನ ಕೈತಿರುಪಿನ ಬ್ರೇಕು ಮಾತ್ರ. ಕಡಿದಾದ ಇಳಿಜಾರಿಗೆ ಮುನ್ನ ಗಾಡಿ ನಿಲ್ಲಿಸಿ, ವ್ಯಾಗನ್‌ಗಳ ಬ್ರೇಕಿನ ಸನ್ನೆಗಳನ್ನು ಒಂದೊಂದಾಗಿ ಕೈಯಿಂದ ಒತ್ತಿ ಸಿಕ್ಕಿಸಬೇಕಿತ್ತು.

ಇದರ ಬೆಲೆಯನ್ನು 1957ರ ಫೆಬ್ರವರಿ 9 ತೋರಿಸಿತು. ಬಕ್ಸ್‌ಟನ್ ಬಳಿ ಸರಕು ಗಾಡಿಯೊಂದರ ಎಂಜಿನಿನಲ್ಲಿ ಬ್ರೇಕಿಗೆ ಉಗಿ ಒಯ್ಯುವ ಕೊಳವೆ ಮುರಿಯಿತು. ಕುದಿಯುವ ಉಗಿ ಚಾಲಕನ ಕೋಣೆಯನ್ನು ತುಂಬಿತು. ಚಾಲಕ ಜಾನ್ ಆಕ್ಸನ್ ಹಾರಿ ಪಾರಾಗಬಹುದಿತ್ತು; ಹಾರಲಿಲ್ಲ. ಇಳಿಜಾರಿನಲ್ಲಿ ಹತೋಟಿ ತಪ್ಪಿದ ಗಾಡಿ ಚಾಪೆಲ್-ಎನ್-ಲೆ-ಫ್ರಿತ್ ನಿಲ್ದಾಣದ ಬಳಿ ಮುಂದಿದ್ದ ಗೂಡ್ಸ್ ಗಾಡಿಯ ಹಿಂಭಾಗಕ್ಕೆ ಬಡಿಯಿತು. ಆಕ್ಸನ್ ಜೊತೆಗೆ ಮುಂದಿನ ಗಾಡಿಯ ಗಾರ್ಡ್ ಕೂಡ ಸತ್ತರು. ಆಕ್ಸನ್‌ಗೆ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಸಂದಿತು. 1958ರಲ್ಲಿ ಬಿ.ಬಿ.ಸಿ. ರೇಡಿಯೋಗಾಗಿ ಯೂಅನ್ ಮ್ಯಾಕೋಲ್ ಮತ್ತು ಚಾರ್ಲ್ಸ್ ಪಾರ್ಕರ್ ಈ ಘಟನೆಯನ್ನು ರೂಪಿಸಿದಾಗ ರೈಲು ಕಾರ್ಮಿಕರ ಸ್ವಂತ ಧ್ವನಿಗಳನ್ನೇ ಹಾಡುಗಳೊಂದಿಗೆ ಹೆಣೆದರು. ನೆನಪಿನ ಕೃತಿ ಯಾರ ಬಾಯಿಂದ ಬರಬೇಕು ಎಂಬುದಕ್ಕೆ ಇದೊಂದು ಮಾದರಿ. ಆದರೂ ಧೈರ್ಯವನ್ನು ಮೆಚ್ಚಿದ ಮೇಲೆ ಕೇಳಲೇಬೇಕಾದ ಪ್ರಶ್ನೆ ಉಳಿಯುತ್ತದೆ. 1889ರಲ್ಲೇ ಪ್ರಯಾಣಿಕರಿಗೆ ಸಿಕ್ಕ ರಕ್ಷಣೆ 68 ವರ್ಷ ಕಳೆದರೂ ಈ ಕಾರ್ಮಿಕರಿಗೆ ಏಕೆ ಸಿಗಲಿಲ್ಲ?

ಬ್ರೇಕಿನ ಮೇಲಿನ ಈ ಉಪೇಕ್ಷೆ ಇನ್ನೊಂದು ಕಥೆಯನ್ನೂ ಮಸುಕಾಗಿಸಿದೆ. ಮ್ಯಾಂಚೆಸ್ಟರ್ ಮತ್ತು ಶೆಫೀಲ್ಡ್ ನಡುವೆ ಪೆನೈನ್ ಬೆಟ್ಟಗಳನ್ನು ದಾಟುವ ವುಡ್‌ಹೆಡ್ ಮಾರ್ಗವನ್ನು 1954ರಲ್ಲಿ 1,500 ವೋಲ್ಟ್ ಡಿ.ಸಿ. ವಿದ್ಯುತ್ತಿಗೆ ಪರಿವರ್ತಿಸಲಾಯಿತು. ಇಳಿಯುವಾಗ ಎಂಜಿನಿನ ಮೋಟಾರುಗಳೇ ಜನರೇಟರುಗಳಾಗಿ ತಂತಿಗೆ ವಿದ್ಯುತ್ತನ್ನು ಮರಳಿಸುತ್ತಿದ್ದವು. ಏರುವ ಗಾಡಿ ಅದನ್ನು ಬಳಸಿಕೊಳ್ಳುತ್ತಿತ್ತು. 1,000 ಟನ್ ಗಾಡಿ 100 ಮೀಟರ್ ಇಳಿದಾಗ ಬಿಡುಗಡೆಯಾಗುವ ಶಕ್ತಿ ಸುಮಾರು 270 ಯೂನಿಟ್. ಎಲ್ಲವೂ ಮರಳಿ ಸಿಗದು, ನಿಜ. ಆದರೆ ಸಿಕ್ಕಷ್ಟೂ ಲಾಭವೇ. ಜೊತೆಗೆ ಗಾಡಿ ಹಿಡಿತದಲ್ಲಿರುತ್ತಿತ್ತು. ಸರಕು ಕಡಿಮೆಯಾಗಿ, ಆ ವೋಲ್ಟೇಜು ದೇಶದ ಉಳಿದ ಜಾಲಕ್ಕೆ ಹೊಂದದೆ, 1981ರಲ್ಲಿ ಬೆಟ್ಟ ದಾಟುವ ಈ ಮಾರ್ಗವನ್ನು ಮುಚ್ಚಲಾಯಿತು. ಇಂದು ಅದರ ಸುರಂಗದಲ್ಲಿ ರೈಲಿಲ್ಲ. ಅಧಿಕ ವೋಲ್ಟೇಜಿನ ಕೇಬಲ್‌ಗಳಿವೆ. ಮುಚ್ಚಿದ್ದರ ಬಗ್ಗೆ ವಿಷಾದಿಸುವ ಬರಹಗಳು ಅನೇಕ. ಅಲ್ಲಿ ಸಾಧಿಸಿದ್ದೇನು ಎಂದು ವಿವರಿಸುವವು ಕೆಲವೇ.

ಹೊಗೆಯನ್ನು ಪ್ರೀತಿಸುವುದು ತಪ್ಪಲ್ಲ. ಆದರೆ 2024ರ ಸೆಪ್ಟೆಂಬರ್ 30ರಂದು ಬ್ರಿಟನ್ನಿನ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರ ಮುಚ್ಚಿದ ಮೇಲೆ, ಆ ಸ್ಥಾವರಗಳಿಗೆ ಕಲ್ಲಿದ್ದಲು ಒಯ್ಯುತ್ತಿದ್ದ ಗಾಡಿಗಳೂ ಇತಿಹಾಸ ಸೇರಿವೆ. ಅವನ್ನು ಓಡಿಸಿದವರಿಗೂ ವಯಸ್ಸಾಗುತ್ತಿದೆ. ಈಗ ಬರೆದದ್ದಷ್ಟೇ ಉಳಿಯುತ್ತದೆ. ಆದ್ದರಿಂದ ಮುಂದೆ ಇಂಥ ಪುಸ್ತಕ ನಿಮ್ಮ ಕೈಗೆ ಬಂದಾಗ, ಎಂಜಿನಿನ ಚಿತ್ರ ನೋಡಿದ ಬಳಿಕ ಗಾಡಿಯ ಕೊನೆಯ ಡಬ್ಬಿಯನ್ನೂ ಹುಡುಕಿ. ಅಲ್ಲಿ ಗಾರ್ಡ್ ಇದ್ದಾನೆಯೇ, ಅವನ ಕೈಯ ತಿರುಪು ಕಾಣುತ್ತದೆಯೇ ನೋಡಿ. ಆ ಪುಸ್ತಕ ಎಷ್ಟು ಪ್ರಾಮಾಣಿಕ ಎಂಬುದನ್ನು ಅಳೆಯಲು ಇದೊಂದು ಒಳ್ಳೆಯ ಪರೀಕ್ಷೆ.