ಮೂಕರು ಎಂದು ಹೆಸರಿಟ್ಟವರು ಯಾರು?

ವೈಜ್ಞಾನಿಕ ಕಾದಂಬರಿ ಅಂದರೆ ಹೊಟ್ಟೆ ತುಂಬಿದವರ ಹಗಲುಗನಸು ಅಂತ ನಮ್ಮ ಗೆಳೆಯರಲ್ಲಿ ಅನೇಕರು ತೀರ್ಮಾನಿಸಿಬಿಟ್ಟಿದ್ದಾರೆ. ರಾಕೆಟ್ಟಿಗೂ ರಾಗಿಮುದ್ದೆಗೂ ಏನು ಸಂಬಂಧ ಅಂತ ಕೇಳುತ್ತಾರೆ. ಕೇಳಲಿ, ತಪ್ಪಿಲ್ಲ. ಆದರೆ ಅಮೆರಿಕದ ಕಪ್ಪು ಲೇಖಕಿ ಆಕ್ಟೇವಿಯಾ ಬಟ್ಲರ್ ಬರೆದ ಟೆಲಿಪಾತ್‌ಗಳ ಕಾದಂಬರಿಗಳನ್ನು ಓದಿದ ಮೇಲೆ ಈ ಪ್ರಶ್ನೆಯನ್ನು ಅಷ್ಟು ಸಲೀಸಾಗಿ ಕೇಳುವುದಕ್ಕೆ ನನ್ನಿಂದ ಆಗುತ್ತಿಲ್ಲ. ತುಳಿತಕ್ಕೊಳಗಾದವರ ಕೈಗೆ ಅಧಿಕಾರ ಬಂದಾಗ ಅವರು ಅದನ್ನು ಏನು ಮಾಡುತ್ತಾರೆ? ಸಂಘಟನೆ ಕಟ್ಟುವ ನಾವು ಕೇಳಿಕೊಳ್ಳಲು ಹಿಂಜರಿಯುವ ಈ ಪ್ರಶ್ನೆಯನ್ನು ಆಕೆ ಹಿಂಜರಿಯದೆ ಕೇಳಿದ್ದಾಳೆ.

ಬಟ್ಲರ್ ಹುಟ್ಟಿದ್ದು 1947ರಲ್ಲಿ, ಕ್ಯಾಲಿಫೋರ್ನಿಯಾದ ಪಸಾಡೀನಾದಲ್ಲಿ. ಅಪ್ಪ ಬೂಟು ಪಾಲಿಶ್ ಮಾಡುತ್ತಿದ್ದವನು, ಮಗಳು ಚಿಕ್ಕವಳಿದ್ದಾಗಲೇ ತೀರಿಕೊಂಡ. ಅವ್ವ ಬಿಳಿಯರ ಮನೆಗಳಲ್ಲಿ ಕಸಮುಸುರೆ ಮಾಡಿ ಮಗಳನ್ನು ಸಾಕಿದಳು. ಅವ್ವ ಹಿಂಬಾಗಿಲಿನಿಂದ ಒಳಗೆ ಹೋಗುವುದನ್ನು, ಅವಳಿಗೆ ಕಿವಿಯೇ ಇಲ್ಲವೇನೋ ಎಂಬಂತೆ ಯಜಮಾನರು ಅವಳ ಎದುರೇ ಹಗುರವಾಗಿ ಆಡಿಕೊಳ್ಳುವುದನ್ನು ಈ ಹುಡುಗಿ ಕಣ್ಣಾರೆ ಕಂಡಳು. ಹಿಂಬಾಗಿಲು ನಮಗೇನೂ ಹೊಸದಲ್ಲ. ಮುಂದೆ ಆಕೆ ಪಾತ್ರೆ ತೊಳೆದಳು, ಸಿಕ್ಕ ಚಿಲ್ಲರೆ ಕೆಲಸವನ್ನೆಲ್ಲ ಮಾಡಿದಳು, ರಾತ್ರಿ ಎರಡು ಗಂಟೆಗೆ ಎದ್ದು ಬರೆದಳು. 2006ರಲ್ಲಿ ತೀರಿಕೊಂಡಳು.

ಇನ್ನೊಬ್ಬರ ಮನಸ್ಸಿನೊಳಕ್ಕೆ ಹೊಕ್ಕು ಓದುವ, ಬೇಕಾದರೆ ಅಲ್ಲಿದ್ದುದನ್ನು ಅಳಿಸಿ ತಮಗೆ ಬೇಕಾದ್ದನ್ನು ಬರೆಯುವ ಟೆಲಿಪಾತ್‌ಗಳ ಕಥೆ ಅಮೆರಿಕದಲ್ಲಿ ಬಟ್ಲರ್‌ಗಿಂತ ಮೊದಲೇ ಇತ್ತು. ಎ.ಇ. ವಾನ್ ವೋಟ್‌ನ 'ಸ್ಲ್ಯಾನ್' 1940ರಲ್ಲಿ ಧಾರಾವಾಹಿಯಾಗಿ ಬಂತು. ಅಲ್ಲಿ ಟೆಲಿಪಾತ್‌ಗಳು ಬೇಟೆಗೆ ಸಿಕ್ಕ ಅಲ್ಪಸಂಖ್ಯಾತರು. ಆದರೆ ಹುಟ್ಟಿನಿಂದಲೇ ಉಳಿದೆಲ್ಲರಿಗಿಂತ ಮೇಲಿನವರು. ಆ ಕಾಲದ ಓದುಗ ಹುಡುಗರು ತಾವೇ ಆ ಸ್ಲ್ಯಾನ್‌ಗಳು ಅಂತ ಬೀಗಿದರು. ಶ್ರೇಷ್ಠತೆಯೂ ಬೇಕು, ತುಳಿಸಿಕೊಂಡವನ ಮರುಕವೂ ಬೇಕು! ಇಂಥ ಶ್ರೇಷ್ಠರ ಅಳು ನಾವು ಕೇಳದ್ದೇ? 1953ರ 'ಮೋರ್ ದ್ಯಾನ್ ಹ್ಯೂಮನ್' ಕಾದಂಬರಿಯಲ್ಲಿ ಥಿಯೊಡೋರ್ ಸ್ಟರ್ಜನ್ ದಿಕ್ಕಿಲ್ಲದ ಮಕ್ಕಳನ್ನು ಕೂಡಿಸಿ ಒಂದೇ ಜೀವ ಮಾಡಿದ. ಅದು ಅಂತಃಕರಣದ ಕಲ್ಪನೆ ನಿಜ. ಆದರೆ ಆ ಒಂದು ಜೀವದಲ್ಲಿ ತಲೆಯ ಕೆಲಸ ಬೇರೆಯವರದು, ಕೈಕಾಲಿನ ಕೆಲಸ ಹೆಚ್ಚು ಮಾತೇ ಆಡದ ಕಪ್ಪು ಅವಳಿ ಹುಡುಗಿಯರದು. ಪುರುಷಸೂಕ್ತ ಗೊತ್ತಿರುವ ನಮಗೆ ಈ ಹಂಚಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಟ್ಲರ್ ಈ ಕಥೆಯನ್ನು ತಲೆಯಿಂದಲ್ಲ, ಕಾಲಿನಿಂದ ಶುರು ಮಾಡುತ್ತಾಳೆ. 1977ರ 'ಮೈಂಡ್ ಆಫ್ ಮೈ ಮೈಂಡ್' ಕಾದಂಬರಿಯ ಮೇರಿ ಕ್ಯಾಲಿಫೋರ್ನಿಯಾದ ಫೋರ್ಸೈತ್ ಎಂಬ ಕಲ್ಪಿತ ಊರಿನ ಬಡ ಕೇರಿಯ ಕಪ್ಪು ಹುಡುಗಿ, ಕುಡುಕ ತಾಯಿಯ ಏಟು ತಿಂದು ಬೆಳೆದವಳು. ಅವಳನ್ನು ಹುಟ್ಟಿಸಿದವನು ಡೋರೋ, ನಾಲ್ಕು ಸಾವಿರ ವರ್ಷ ಬದುಕಿದವನು. ಒಬ್ಬರನ್ನು ಕೊಂದು ಅವರ ಮೈ ಹೊಕ್ಕು ಬದುಕುವುದು ಅವನ ರೀತಿ. ಅವನ ಕಸುಬು ಮನುಷ್ಯರ ತಳಿ ಬೆಳೆಸುವುದು. ಯಾರು ಯಾರ ಜೊತೆ ಮಲಗಬೇಕು, ಯಾವ ಮಗು ಹುಟ್ಟಬೇಕು ಎಂಬುದೆಲ್ಲ ಅವನ ಅಪ್ಪಣೆ. ಮೇರಿಯನ್ನು ಕಾರ್ಲ್ ಎಂಬ ಬಿಳಿಯ ಟೆಲಿಪಾತ್‌ಗೆ ಕಟ್ಟುವವನೂ ಅವನೇ. 1916ರಲ್ಲಿ ಬಾಬಾಸಾಹೇಬರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮಂಡಿಸಿದ ಪ್ರಬಂಧದಲ್ಲಿ ಜಾತಿಯ ಬೇರು ಮದುವೆಯ ಬೇಲಿಯಲ್ಲಿದೆ ಎಂದು ತೋರಿಸಿದರು. ಡೋರೋ ಬೇಲಿ ಹಾಕುವುದಿಲ್ಲ, ಬಣ್ಣ ನೋಡುವುದಿಲ್ಲ, ಬಿಳಿ ಕಪ್ಪು ಎರಡನ್ನೂ ಬೆರೆಸುತ್ತಾನೆ. ಆದರೂ ಅವನು ಒಡೆಯನೇ. ಹೆಣ್ಣಿನ ಗರ್ಭದ ಮೇಲೆ ಅಪ್ಪಣೆ ಯಾರದೋ ಅವನೇ ಒಡೆಯ. ಬೇಲಿ ಕಿತ್ತಮಾತ್ರಕ್ಕೆ ಒಡೆತನ ಹೋಗುವುದಿಲ್ಲ.

ಡೋರೋನ ತಳಿಯಲ್ಲಿ ಬಹುಪಾಲು ಜನ ಪೂರ್ಣ ಟೆಲಿಪಾತ್‌ಗಳಲ್ಲ, ಅರ್ಧಕ್ಕೆ ನಿಂತವರು. ಕಂಡವರ ನೋವೆಲ್ಲ ಕರೆಯದೆ ಅವರೊಳಗೆ ನುಗ್ಗುತ್ತದೆ, ತಡೆಯಲು ಬಾಗಿಲಿಲ್ಲ. ಅದಕ್ಕೇ ಕುಡಿಯುತ್ತಾರೆ, ಹೊಡೆದಾಡುತ್ತಾರೆ, ಹೆತ್ತ ಮಕ್ಕಳನ್ನೇ ಬಡಿಯುತ್ತಾರೆ. ಇದು ಬಟ್ಲರ್ ಕಂಡ ದೊಡ್ಡ ಸತ್ಯ: ನೋವು ತಾನಾಗಿಯೇ ಯಾರನ್ನೂ ದೊಡ್ಡವರನ್ನಾಗಿ ಮಾಡುವುದಿಲ್ಲ. ಮೇರಿಗೆ ಶಕ್ತಿ ಬಂದಾಗ ಅವಳು ಈ ಒಂಟಿ ಮನಸ್ಸುಗಳನ್ನು ಒಂದಕ್ಕೊಂದು ಹೆಣೆಯುತ್ತಾಳೆ. ಈ ಹೆಣಿಗೆಯೇ ಪ್ಯಾಟರ್ನ್. ಎರಡು ವರ್ಷದಲ್ಲಿ ಸುಮಾರು ಸಾವಿರದೈನೂರು ಜನ ಸೇರುತ್ತಾರೆ, ಕಂಗೆಟ್ಟವರು ನೆಟ್ಟಗಾಗುತ್ತಾರೆ. ಕೊನೆಗೆ ಮೇರಿ ಈ ಜನರ ಬಲವನ್ನೇ ಸೆಳೆದುಕೊಂಡು ಡೋರೋನನ್ನು ಕೊಲ್ಲುತ್ತಾಳೆ. ಆ ಹೋರಾಟದಲ್ಲಿ ಅವಳ ಕಡೆಯ ಎಷ್ಟೋ ಜನ ಸಾಯುತ್ತಾರೆ.

ಇಲ್ಲಿಗೆ ನಿಲ್ಲಿಸಿದ್ದರೆ ನಾವೆಲ್ಲ ಚಪ್ಪಾಳೆ ಹೊಡೆದು ಎದ್ದು ಹೋಗಬಹುದಿತ್ತು. ಬಟ್ಲರ್ ಬಿಡುವುದಿಲ್ಲ. ಹೆಣಿಗೆಯ ಜನರಿಗೆ ಮನೆ ಬೇಕು, ಅಡುಗೆ ಬೇಕು, ಮಕ್ಕಳನ್ನು ಸಾಕುವವರು ಬೇಕು. ಆ ಕೆಲಸಕ್ಕೆ ಮನಸ್ಸು ಓದಲಾರದ ಸಾಮಾನ್ಯರನ್ನು ಹಿಡಿಯುತ್ತಾರೆ. ಬೇಡಿ ಇಲ್ಲ, ಚಾಟಿ ಇಲ್ಲ. ದುಡಿಯುವುದೇ ಪರಮಸುಖ ಅನ್ನಿಸುವಂತೆ ಅವರ ಮನಸ್ಸನ್ನೇ ತಿದ್ದಿಬಿಡುತ್ತಾರೆ. ಸೇವೆಯೇ ಧರ್ಮ ಅಂತ ಸಾವಿರಾರು ವರ್ಷ ನಂಬಿಸಿದ ಪುರೋಹಿತಶಾಹಿ ಪುರಾಣ ಪುಣ್ಯಕಥೆಗಳಿಂದ ಮಾಡಿದ ಕೆಲಸವನ್ನು ಇವರು ಒಂದೇ ಗಳಿಗೆಯಲ್ಲಿ ಮಾಡಿ ಮುಗಿಸುತ್ತಾರೆ. ಈ ಜನರಿಗೆ ಇವರಿಟ್ಟ ಹೆಸರು ಮ್ಯೂಟ್‌ಗಳು, ಅಂದರೆ ಮೂಕರು.

ಆ ಹೆಸರು ಕೇಳಿ ಉರಿದುಬೀಳುವವಳು ಎಮ್ಮಾ ಒಬ್ಬಳೇ. 1980ರ 'ವೈಲ್ಡ್ ಸೀಡ್' ಓದಿದರೆ ಕಾರಣ ತಿಳಿಯುತ್ತದೆ. ಎಮ್ಮಾಳ ಮೊದಲ ಹೆಸರು ಅನ್ಯಾನ್ವು. 1690ರಲ್ಲಿ ಡೋರೋ ಪಶ್ಚಿಮ ಆಫ್ರಿಕಾದಿಂದ ಕರೆತಂದ, ರೂಪ ಬದಲಿಸಬಲ್ಲ, ಸಾವಿಲ್ಲದ ಹೆಣ್ಣು. ಗುಲಾಮಗಿರಿಯ ಕಾಲವನ್ನು ಬದುಕಿ ದಾಟಿ ಬಂದವಳು. ಕರಿಯರನ್ನು ಕರೆಯುತ್ತಿದ್ದ ಹೊಲಸು ಬೈಗುಳವೇ ಈ ಹೊಸ ಮಾತಿನೊಳಗೂ ಕೂತಿದೆ ಅಂತ ಅವಳ ಕಿವಿ ತಕ್ಷಣ ಹಿಡಿಯುತ್ತದೆ. ಮೇರಿಯ ಕಿವಿ ಹಿಡಿಯುವುದಿಲ್ಲ. ಎಲ್ಲರ ಮನಸ್ಸನ್ನೂ ಓದಬಲ್ಲವಳಿಗೆ ತನ್ನ ನಾಲಿಗೆ ಮೇಲಿನ ಒಂದು ಮಾತು ಕೇಳಿಸುವುದಿಲ್ಲ.

1920ರ ಜನವರಿ 31ರಂದು ಬಾಬಾಸಾಹೇಬರು ಶುರು ಮಾಡಿದ ಪತ್ರಿಕೆಯ ಹೆಸರು 'ಮೂಕನಾಯಕ'. ಆ ಹೆಸರಿನಲ್ಲಿರುವ ಮೂಕ, ನಾಲಿಗೆ ಇಲ್ಲದವನಲ್ಲ. ಆಡಿದ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳದವನು. ಅದೇ ಶಬ್ದ ಒಬ್ಬರ ಕೈಯಲ್ಲಿ ಮಾತು ಕೊಡಿಸುವ ಹೋರಾಟವಾಯಿತು, ಇನ್ನೊಂದು ಕಡೆ ಕೊರಳಿಗೆ ಕಟ್ಟುವ ಹಗ್ಗವಾಯಿತು.

ಹಗ್ಗ ಎಲ್ಲಿಗೆ ಎಳೆದುಕೊಂಡು ಹೋಯಿತು ಎಂಬುದನ್ನು ಬಟ್ಲರ್ ಮೊದಲೇ ಬರೆದಿಟ್ಟಿದ್ದಳು. 1976ರ 'ಪ್ಯಾಟರ್ನ್‌ಮಾಸ್ಟರ್' ಈ ಸಾಲಿನಲ್ಲಿ ಮೊದಲು ಅಚ್ಚಾದದ್ದು, ಕಥೆಯಲ್ಲಿ ಮಾತ್ರ ಕೊನೆಯದು. ಅಲ್ಲಿ ಹೆಣಿಗೆಯೇ ಊಳಿಗಮಾನ್ಯ ವ್ಯವಸ್ಥೆಯಾಗಿ ನಿಂತಿದೆ. ಗದ್ದುಗೆಗಾಗಿ ಅಣ್ಣತಮ್ಮಂದಿರೇ ಕಚ್ಚಾಡುತ್ತಾರೆ. ಅಣ್ಣನ ಮನೆಯಲ್ಲಿ ಸಿಕ್ಕಿಬಿದ್ದ ತಮ್ಮ ಟೆರೇಗೆ ಸಿಗುವ ಕೆಲಸ, ದನ ಕಾಯುವ ಹಾಗೆ ಮೂಕರನ್ನು ಕಾಯುವುದು. ಒಳ್ಳೆಯವನೇ, ಅವರ ಗಾಯಕ್ಕೆ ಮರುಗುತ್ತಾನೆ. ಆದರೆ ಗೆದ್ದ ಮೇಲೂ ಅವರ ಬಿಡುಗಡೆಯ ಮಾತು ಅವನ ಬಾಯಲ್ಲಿಲ್ಲ. ಒಳ್ಳೆಯ ಗೌಡ ಬಂದರೆ ಗೌಡಿಕೆ ಹೋಗುತ್ತದೆಯೇ?

ಬಟ್ಲರ್ ಮೇಲೆ ನನಗೆ ಒಂದು ತಕರಾರಿದೆ. ಮೇರಿಯ ಮಾತು ಮೇರಿಯ ಬಾಯಲ್ಲೇ ಇದೆ. ಮನಸ್ಸು ತಿದ್ದಿಸಿಕೊಂಡ ಒಬ್ಬ ಮೂಕ ಹೆಂಗಸಿನ ಒಳಗೆ ಕೂತು, ತಿದ್ದದೆ ಉಳಿದ ಚೂರನ್ನು ಹುಡುಕುವ ಒಂದು ಅಧ್ಯಾಯವೂ ಇಲ್ಲ. ಒಡೆಯರ ಮನಸ್ಸನ್ನು ಇಷ್ಟು ಬಲ್ಲವಳು ಆ ಬಾಗಿಲನ್ನೂ ತೆರೆಯಬೇಕಿತ್ತು. ಹಾಗೆಂದು ಆಕೆ ಒಡೆಯರ ಪರ ಅಂತಲ್ಲ. 'ವೈಲ್ಡ್ ಸೀಡ್'ನಲ್ಲಿ ಅನ್ಯಾನ್ವು ಲೂಯಿಸಿಯಾನಾದಲ್ಲಿ ಅಪ್ಪಣೆಯಿಂದಲ್ಲ, ಆರೈಕೆಯಿಂದ ಒಂದು ಬಳಗ ಕಟ್ಟುತ್ತಾಳೆ. ಡೋರೋ ಬಂದು ಅದನ್ನು ಕೆಡಿಸುತ್ತಾನೆ. ಆದರೂ ಅಂಥದೊಂದು ಇತ್ತು ಎಂಬ ನೆನಪನ್ನು ಬಟ್ಲರ್ ಅಳಿಸುವುದಿಲ್ಲ.

ನಮ್ಮ ಮನೆತನದಲ್ಲಿ ಡಿಗ್ರಿ ಕಂಡವನು ನಾನೇ ಮೊದಲು. ಊರಿಗೆ ಹೋದಾಗ ಒಂದು ಸಲ ಅವ್ವ ಏನೋ ಹೇಳುತ್ತಿದ್ದಳು, ನಾನು ಪುಸ್ತಕದಿಂದ ತಲೆ ಎತ್ತಲಿಲ್ಲ. 'ಅಕ್ಸರ ಬಂದ್ಮೇಲೆ ನಮ್ಮ ಮಾತು ನಿಂಗೆ ಕೇಳಾಕಿಲ್ಲ ಬುಡು ಮಗ' ಅಂದು ಎದ್ದು ಹೋದಳು. ಅವಳನ್ನು ಮೂಕಳೆಂದು ನಾನು ಬಾಯಿಬಿಟ್ಟು ಕರೆದಿರಲಿಲ್ಲ. ಕರೆಯಬೇಕಾಗಿಯೂ ಇರಲಿಲ್ಲ.

ಗೆಳೆಯರೆ, ಸಂಘಟನೆ ಕಟ್ಟಲೇಬೇಕು. ಹೆಣೆದುಕೊಳ್ಳದೆ ಡೋರೋ ಸಾಯುವುದಿಲ್ಲ. ಆದರೆ ಮುಂದಿನ ಸಭೆಯಲ್ಲಿ ನಾವು ಭಾಷಣ ಮಾಡುವಾಗ ಒಲೆ ಮುಂದೆ ಕೂತವರು ಯಾರು, ನಮ್ಮ ಕೇರಿಗಿಂತ ಆಚೆಯ ಕೇರಿಯಿಂದ ಬಂದು ಬಾಗಿಲಲ್ಲೇ ನಿಂತವರು ಯಾರು ಅಂತ ಒಮ್ಮೆ ತಿರುಗಿ ನೋಡೋಣ. ಅವರ ಪರವಾಗಿ ಮಾತಾಡುವುದು ಆಮೇಲೆ. ಮೊದಲು ನಾವು ಸುಮ್ಮನಾಗಿ ಅವರು ಹೇಳುವುದನ್ನು ಕೇಳೋಣ.