ಕುಕ್ಕುವ ಪಿಕಪ್‌ಗೆ ಗ್ಯಾಸ್ ಶಾಕ್ ಮದ್ದಲ್ಲ

ಹಳೆಯ ಬೊಲೆರೊ ಪಿಕಪ್ ಓಡಿಸುವವರಲ್ಲಿ ಒಂದು ಮಾತು ಶಾಸನದಂತೆ ನಿಂತುಬಿಟ್ಟಿದೆ: ಗಾಡಿ ಕುಕ್ಕಿದರೆ ಶಾಕ್ ಹೋಗಿದೆ, ಹಾಕಿಸುವುದಾದರೆ ಗ್ಯಾಸ್ ಶಾಕೇ ಹಾಕಿಸಬೇಕು, ಅದರಲ್ಲೂ ಹೆವಿ ಡ್ಯೂಟಿ. ಗ್ಯಾರೇಜಿನಲ್ಲಿ ಇದನ್ನು ಅಲ್ಲಗಳೆಯುವವರಿಲ್ಲ. ಬಿಡಿಭಾಗದ ಅಂಗಡಿಯವನಂತೂ ಅಲ್ಲಗಳೆಯಲಾರ, ಅವನಿಗೆ ಅದು ವ್ಯಾಪಾರ. ಆದರೆ ಅರ್ಧ ದಾರಿ ಖಾಲಿಯಾಗಿ ಓಡುವ ಹಳೆಯ ಗಾಡಿಗೆ ಈ ಸಲಹೆಯಷ್ಟು ತಪ್ಪಾದದ್ದು ಇನ್ನೊಂದಿಲ್ಲ.

ಸವೆದ ಶಾಕ್ ಮಾಡುವ ಕೆಲಸವೇ ಬೇರೆ. ಹಂಪ್ ದಾಟಿದ ಮೇಲೆ ಗಾಡಿ ಎರಡು ಮೂರು ಸಲ ಏಳುತ್ತಾ ಬೀಳುತ್ತಾ ಹೋಗುತ್ತದೆ, ತಿರುವಿನಲ್ಲಿ ವಾಲುತ್ತದೆ, ಬ್ರೇಕ್ ಒತ್ತಿದರೆ ಮೂತಿ ಕೆಳಗೆ ಹಾಕುತ್ತದೆ, ಟಯರ್ ಅಲ್ಲಲ್ಲಿ ತಗ್ಗು ಬಿದ್ದಂತೆ ಸವೆಯುತ್ತದೆ. ಅಂದರೆ ಗಾಡಿ ತೇಲುತ್ತದೆ, ತೂಗುತ್ತದೆ. ಪ್ರತಿ ಗುಂಡಿಗೂ ಬೆನ್ನುಮೂಳೆಗೆ ಬಡಿಯುವ ಪೆಟ್ಟು ಹೆಚ್ಚಾಗಿ ಶಾಕ್‌ನಿಂದ ಬರುವುದಿಲ್ಲ. ಅಲೆಯಲೆಯಾದ ಮಣ್ಣುರಸ್ತೆಯಲ್ಲಿ ಹಿಂದಿನ ಚಕ್ರ ಪಟಪಟ ಕುಣಿಯುವುದಕ್ಕೆ ಸತ್ತ ಶಾಕ್ ಕಾರಣವಾಗಬಹುದು, ನಿಜ. ಅದನ್ನು ಬಿಟ್ಟರೆ ಕುಕ್ಕಾಟದ ಮೂಲವನ್ನು ಬೇರೆಡೆ ಹುಡುಕಬೇಕು.

ಹೆಚ್ಚು ಹುಡುಕಬೇಕಾಗಿಯೂ ಇಲ್ಲ. ಹಿಂದಿನ ಆಕ್ಸಲ್ ಮೇಲಿನ ಕಮಾನು ಪಟ್ಟಿಗಳನ್ನು ಟನ್ನುಗಟ್ಟಲೆ ಸರಕಿಗೆಂದು ಮಾಡಿರುತ್ತಾರೆ. ಟೊಮೇಟೊ ಕ್ರೇಟು ಇಳಿಸಿ ಎಪಿಎಂಸಿಯಿಂದ ಖಾಲಿ ವಾಪಸಾಗುವಾಗ ಅವು ಬಗ್ಗುವುದೇ ಇಲ್ಲ. ಸಾಲದ್ದಕ್ಕೆ ಹಿಂದಿನ ಮಾಲೀಕ ಓವರ್‌ಲೋಡಿಗೆಂದು ಒಂದೋ ಎರಡೋ ಪ್ಲೇಟ್ ಹೆಚ್ಚುವರಿಯಾಗಿ ಸೇರಿಸಿರುತ್ತಾನೆ. ಪಟ್ಟಿಗಳು ಒಂದರ ಮೇಲೊಂದು ಜಾರಬೇಕು. ತುಕ್ಕು ಹಿಡಿದು ಕಚ್ಚಿಕೊಂಡರೆ ಇಡೀ ಕಟ್ಟು ಒಂದೇ ಕಬ್ಬಿಣದ ತೊಲೆ. ಕಮಾನಿನ ಬುಷ್ ಸವೆದು ಲೋಹ ಲೋಹಕ್ಕೆ ತಾಗುತ್ತಿದ್ದರೆ ಕೇಳುವುದೇ ಬೇಡ. ಇಷ್ಟರ ಮೇಲೆ ಟಯರಿನಲ್ಲಿ ಲೋಡಿಗೆಂದು ತುಂಬಿಸಿದ ಗಾಳಿ ಹಾಗೇ ಇರುತ್ತದೆ. ಖಾಲಿ ಗಾಡಿಗೆ ಕಂಪನಿ ಬೇರೆ ಒತ್ತಡ ಹೇಳಿದ್ದರೆ ಅದನ್ನು ನೋಡಿ ಗಾಳಿ ಇಳಿಸಿ, ಲೋಡಿಗೆ ಮುಂಚೆ ಮತ್ತೆ ತುಂಬಿಸುವುದು ಹತ್ತು ನಿಮಿಷದ ಕೆಲಸ. ಅದನ್ನು ಮಾಡದೆ ಸಾವಿರಾರು ರೂಪಾಯಿಯ ಶಾಕ್ ತರುವವರೇ ಹೆಚ್ಚು.

ಇನ್ನು ಗ್ಯಾಸಿನ ಮಹಿಮೆ. ಶಾಕ್ ಭಾರ ಹೊರುವುದಿಲ್ಲ, ಹೊರುವುದು ಕಮಾನು. ಪಿಸ್ಟನ್ನಿನ ಸಣ್ಣ ಕಿಂಡಿಗಳಲ್ಲಿ ಆಯಿಲ್ ನುಗ್ಗುವಂತೆ ಮಾಡಿ ಕುಣಿತವನ್ನು ಬಿಸಿಯಾಗಿ ಕರಗಿಸುವುದಷ್ಟೇ ಶಾಕ್‌ನ ಕೆಲಸ. ಬರೀ ಆಯಿಲ್ ಶಾಕನ್ನು ನೆಟ್ಟಗೆ ಹಿಡಿದು ಕೈಯಲ್ಲಿ ಒತ್ತಿ ಬಿಡಿ, ಒತ್ತಿದಲ್ಲೇ ಕೂರುತ್ತದೆ. ಗ್ಯಾಸ್ ಶಾಕ್ ತಾನಾಗಿ ಮೇಲೇಳುತ್ತದೆ. ಗಿರಾಕಿ ಬೀಳುವುದು ಇಲ್ಲೇ: 'ನೋಡಿ ಸಾರ್, ಎಂಥಾ ಪವರ್!' ಲೆಕ್ಕ ಹಾಕೋಣ. 14 ಮಿಲಿಮೀಟರ್ ದಪ್ಪದ ರಾಡ್, ಒಳಗೆ 25 ಬಾರ್ ಒತ್ತಡದ ಗ್ಯಾಸ್ ಎಂದುಕೊಂಡರೂ ತಳ್ಳುವ ಬಲ ಸುಮಾರು 40 ಕೆಜಿ. ಅದೂ ಹೆಚ್ಚು ಒತ್ತಡದ ಮಾನೋಟ್ಯೂಬ್ (ಒಂದೇ ಕೊಳವೆಯ) ಶಾಕ್‌ನ ಮಾತು. ಎರಡು ಕೊಳವೆಯ ಸಾದಾ ಗ್ಯಾಸ್ ಶಾಕ್‌ನಲ್ಲಿ ಇದರ ಸಣ್ಣ ಪಾಲು ಮಾತ್ರ. ಟನ್ನುಗಟ್ಟಲೆ ಸರಕಿನ ಮುಂದೆ ಇದು ಯಾವ ಲೆಕ್ಕ? ಗ್ಯಾಸ್ ತುಂಬುವುದು ಎತ್ತುವುದಕ್ಕಲ್ಲ, ಆಯಿಲ್ ನೊರೆಯಾಗದಿರಲಿ ಎಂದು. ನೊರೆಯೆದ್ದ ಆಯಿಲ್‌ಗೆ ಕುಣಿತ ತಡೆಯುವ ಶಕ್ತಿ ಇರುವುದಿಲ್ಲ, ಹಾಗಾಗಿ ದೀರ್ಘ ಕೆಟ್ಟ ರಸ್ತೆಯಲ್ಲಿ ಗ್ಯಾಸ್ ಶಾಕ್ ಬಾಳುತ್ತದೆ. ಅದು ಬಾಳಿಕೆಯ ಗುಣ, ಸುಖದ ಗುಣವಲ್ಲ.

ಮೆತ್ತಗೆ, ಗಟ್ಟಿ ಎಂಬುದನ್ನು ತೀರ್ಮಾನಿಸುವುದು ಕಿಂಡಿ ಮತ್ತು ವಾಲ್ವ್. 'ಹೆವಿ ಡ್ಯೂಟಿ' ಎಂದು ಮಾರುವವುಗಳಲ್ಲಿ ವಾಲ್ವನ್ನು ಸಾಮಾನ್ಯವಾಗಿ ಬಿಗಿ ಮಾಡಿರುತ್ತಾರೆ. ಬಗ್ಗದ ಕಮಾನಿಗೆ ಬಿಗಿ ಶಾಕ್ ಜೋಡಿಸಿದರೆ, ಚಕ್ರ ತಿಂದ ಪೆಟ್ಟು ನೇರ ಚಾಸಿಗೆ, ಅಲ್ಲಿಂದ ಸೀಟಿಗೆ. ದಿನವೂ ತುಂಬಿದ ಗಾಡಿಯಲ್ಲಿ ಶಿರಾಡಿ ಘಾಟಿ ಇಳಿಯುವವರಿಗೆ ಬಿಗಿ ಶಾಕ್ ಬೇಕು, ಅವರೊಂದಿಗೆ ನನ್ನ ಜಗಳವಿಲ್ಲ. ಜಗಳ ಇರುವುದು ವಾರಕ್ಕೊಂದು ದಿನ ಸಂತೆಗೆ ಹೋಗುವವನಿಗೂ ಅದನ್ನೇ ಕಟ್ಟುವವರೊಂದಿಗೆ.

ಯಾರೂ ಅಳೆಯದ ಸಂಗತಿ ಶಾಕ್‌ನ ಉದ್ದ. ಪ್ಲೇಟ್ ಸೇರಿಸಿದ ಗಾಡಿ ಎತ್ತರಕ್ಕೆ ಕೂರುತ್ತದೆ. ಕಂಪನಿ ಅಳತೆಯ ಶಾಕ್ ಆಗ ನಿಂತಲ್ಲೇ ಮುಕ್ಕಾಲು ಪಾಲು ಚಾಚಿಕೊಂಡಿರಬಹುದು, ಗುಂಡಿಗೆ ಚಕ್ರ ಇಳಿದಾಗ ಪೂರ್ತಿ ಚಾಚಿ 'ಢಂ' ಎನ್ನುತ್ತದೆ. ಇದನ್ನೂ ಶಾಕ್ ಹೋಗಿದೆ ಎಂದೇ ಓದುತ್ತಾರೆ. ಬೇಡದ ಪ್ಲೇಟ್ ತೆಗೆಸುವುದು ಇದಕ್ಕೆ ಪರಿಹಾರ, ಉದ್ದದ ಶಾಕ್ ಎರಡನೆಯ ದಾರಿ.

ಕೂರಿಸುವಲ್ಲೂ ಕೆಲಸ ಕೆಡುತ್ತದೆ. ಅಂಗಡಿಯಲ್ಲಿ ಅಡ್ಡ ಮಲಗಿದ್ದ ಎರಡು ಕೊಳವೆಯ ಶಾಕನ್ನು ನೆಟ್ಟಗೆ ಹಿಡಿದು ನಾಲ್ಕಾರು ಸಲ ಎಳೆದು ಒತ್ತಿ ಒಳಗಿನ ಗಾಳಿ ಕಳೆಯಬೇಕು. ರಬ್ಬರ್ ಬುಷ್‌ನ ನಟ್ಟನ್ನು ಗಾಡಿ ಜಾಕಿನಿಂದ ಇಳಿದು ನೆಲಕ್ಕೆ ಕೂತ ಮೇಲೆ ಬಿಗಿ ಮಾಡಬೇಕು, ಇಲ್ಲದಿದ್ದರೆ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಒಂದು ಕಡೆ ಸೋರಿದ್ದರೂ ಜೋಡಿಯನ್ನೇ ಬದಲಿಸಬೇಕು.

ಟಯರಿನ ಗಾಳಿ, ಬುಷ್, ಕಮಾನು ಇವು ಮೂರನ್ನೂ ಸರಿಪಡಿಸಿ ಒಂದು ವಾರ ಓಡಿಸಿ. ಆಮೇಲೂ ಗಾಡಿ ತೂಗಾಡಿದರೆ ಕಂಪನಿ ನಂಬರಿನ ಸಾದಾ ಆಯಿಲ್ ಶಾಕ್ ಜೋಡಿ ಹಾಕಿಸಿ. ಹೆವಿ ಡ್ಯೂಟಿಯದ್ದನ್ನು ಅಂಗಡಿಯಲ್ಲೇ ಬಿಡಿ.