ದಂತ ಇಂಪ್ಲಾಂಟಿನ ಸಂಧಿ: ‘ಯಶಸ್ಸು’ ಎಂಬ ಮಾತಿನ ವಿಮರ್ಶೆ

ದವಡೆಯ ಮೂಳೆಯೊಡನೆ ನೇರವಾಗಿ ಬೆಸೆದುಕೊಳ್ಳುವ ಟೈಟೇನಿಯಂ ಬೇರನ್ನು ಊರಿ, ಅದರ ಮೇಲೆ ಕೃತಕ ದಂತವನ್ನು ನಿಲ್ಲಿಸುವ ಚಿಕಿತ್ಸೆಯನ್ನು ಸ್ವೀಡನ್ನಿನ ಬ್ರೋನೆಮಾರ್ಕ್ ಅವರು 1965ರಲ್ಲಿ ಮನುಷ್ಯನಲ್ಲಿ ಪ್ರಥಮವಾಗಿ ಪ್ರಯೋಗಿಸಿದರು. ಅಂದಿನಿಂದ ಬೆಳೆದುಬಂದಿರುವ ವಿಪುಲವಾದ ಸಂಶೋಧನ ಸಾಹಿತ್ಯದಲ್ಲಿ ಪದೇ ಪದೇ ಎದುರಾಗುವ ಮಾತು ‘ಯಶಸ್ಸು’. ಈ ಮಾತು ಯಾವುದನ್ನು ಅಳೆಯುತ್ತದೆ, ಯಾವುದನ್ನು ಅಳೆಯದೆ ಬಿಡುತ್ತದೆ ಎಂಬುದನ್ನು ಪರಾಮರ್ಶಿಸುವುದು ಈ ಲೇಖನದ ಉದ್ದೇಶ.

ಕೃತಕ ದಂತದಲ್ಲಿ ಮೂರು ಅಂಗಗಳಿವೆ. ಮೂಳೆಯೊಳಗಿನ ಬೇರು ಇಂಪ್ಲಾಂಟ್. ಒಸಡಿನಿಂದ ಮೇಲೆದ್ದು ನಿಲ್ಲುವ ಗೂಟ ಅಬಟ್‌ಮೆಂಟ್. ಅದರ ಮೇಲಿನ ಹೊದಿಕೆ ಕಿರೀಟ. ಸಾಮಾನ್ಯವಾಗಿ ಮೊದಲೆರಡನ್ನು ಒಂದು ಸಣ್ಣ ತಿರುಪು ಕೂಡಿಸಿ ಹಿಡಿದಿರುತ್ತದೆ. ನಮ್ಮ ವಿಚಾರವೆಲ್ಲ ಈ ಸಂಧಿಯನ್ನು ಕುರಿತದ್ದು.

1986ರಲ್ಲಿ ಆಲ್ಬ್ರೆಕ್ಟ್‌ಸನ್ ಮತ್ತು ಅವರ ಸಹೋದ್ಯೋಗಿಗಳು ಯಶಸ್ಸಿನ ಲಕ್ಷಣಗಳನ್ನು ನಿರ್ಣಯಿಸಿದರು. ಇಂಪ್ಲಾಂಟ್ ಅಲುಗಬಾರದು, ಕ್ಷಕಿರಣ ಚಿತ್ರದಲ್ಲಿ ಅದರ ಸುತ್ತ ಕಪ್ಪು ಅಂಚು ಕಾಣಬಾರದು, ಮೊದಲನೆಯ ವರ್ಷದ ನಂತರ ಮೂಳೆಯ ಸವೆತವು ವರ್ಷಕ್ಕೆ 0.2 ಮಿಲಿಮೀಟರನ್ನು ಮೀರಬಾರದು. ನೋವು, ಸೋಂಕು ಮೊದಲಾದವು ಉಳಿಯಬಾರದು. ಇವು ತೂಕವುಳ್ಳ ಲಕ್ಷಣಗಳೇ ಸರಿ. ಆದರೆ ಇವೆಲ್ಲವೂ ಜೀವಶಾಸ್ತ್ರದ ಲಕ್ಷಣಗಳೆಂಬುದನ್ನು ಗಮನಿಸತಕ್ಕದ್ದು. ತಿರುಪು ವರ್ಷಕ್ಕೆರಡು ಬಾರಿ ಸಡಿಲಿದರೂ ಈ ಪಟ್ಟಿಯ ಪ್ರಕಾರ ಆ ಇಂಪ್ಲಾಂಟ್ ಯಶಸ್ವಿಯೇ.

ಈ ಲೋಪದ ಪರಿಣಾಮವನ್ನು ಅಂಕಿಗಳಲ್ಲಿಯೇ ನೋಡಬಹುದು. ಒಂಟಿ ಕಿರೀಟಗಳನ್ನು ಕುರಿತು 2008ರಲ್ಲಿ ಯುಂಗ್ ಮತ್ತು ಇತರರು ಪ್ರಕಟಿಸಿದ ಸಮೀಕ್ಷೆಯಲ್ಲಿ 5 ವರ್ಷಗಳ ನಂತರ ಉಳಿದ ಇಂಪ್ಲಾಂಟ್‌ಗಳು ಶೇಕಡಾ 96.8, ಅದೇ ಅವಧಿಯಲ್ಲಿ ತಿರುಪು ಅಥವಾ ಅಬಟ್‌ಮೆಂಟ್ ಸಡಿಲಿದ್ದು ಶೇಕಡಾ 12.7. ಮೊದಲನೆಯ ಅಂಕಿಯನ್ನು ಮಾತ್ರ ಕೇಳಿದ ರೋಗಿಯು ಅರ್ಧ ಸತ್ಯವನ್ನಷ್ಟೇ ಕೇಳಿದಂತಾಯಿತು. ಅವರೇ 2012ರಲ್ಲಿ ಹೊರತಂದ ಪರಿಷ್ಕೃತ ಸಮೀಕ್ಷೆಯಲ್ಲಿ ಸಡಿಲಿಕೆ ಶೇಕಡಾ 8.8ಕ್ಕೆ ಇಳಿದಿದೆ. ಇದು ಸಂತೋಷದ ಸಂಗತಿ. ಆದರೆ ಬಗೆಬಗೆಯ ಸಂಧಿಗಳನ್ನೂ ತಿರುಪುಗಳನ್ನೂ ಒಟ್ಟುಗೂಡಿಸಿ ಪಡೆದ ಇಂತಹ ಸರಾಸರಿಯು, ಯಾವ ಸಂಧಿ ಏಕೆ ಸಡಿಲಿತು ಎಂಬ ಪ್ರಶ್ನೆಗೆ ಉತ್ತರವಾಗಲಾರದು.

ಕಾರಣವನ್ನು ಯಂತ್ರಶಾಸ್ತ್ರದಲ್ಲಿ ಹುಡುಕಬೇಕು. ತಿರುಪನ್ನು ಬಿಗಿದಾಗ ಅದು ಕಿಂಚಿತ್ತು ಹಿಗ್ಗುತ್ತದೆ. ಹಿಗ್ಗಿದ್ದು ಕುಗ್ಗಲೆಳಸುವ ಬಲವೇ ಎರಡು ಅಂಗಗಳನ್ನು ಅದುಮಿ ಹಿಡಿಯುತ್ತದೆ. ಆದರೆ ಬಿಗಿಯುವ ಶ್ರಮದ ಬಹುಭಾಗ ಘರ್ಷಣೆಯಲ್ಲಿಯೇ ವ್ಯಯವಾಗುತ್ತದೆ. ಅಲ್ಲದೆ, ಲೋಹದ ಮೇಲ್ಮೈಯ ಸೂಕ್ಷ್ಮವಾದ ಉಬ್ಬುಗಳು ಒತ್ತಡಕ್ಕೆ ಚಪ್ಪಟೆಯಾದಂತೆ ಹಿಡಿತವೂ ಸ್ವಲ್ಪ ಕಡಮೆಯಾಗುತ್ತದೆ. ಬಿಗಿದ ಹತ್ತು ನಿಮಿಷಗಳ ಮೇಲೆ ಮತ್ತೊಮ್ಮೆ ಬಿಗಿಯಬೇಕೆಂಬ ಸಲಹೆಯ ಮೂಲ ಇದೇ. ಬ್ರೋನೆಮಾರ್ಕ್ ಪದ್ಧತಿಯ ಇಂಪ್ಲಾಂಟಿನ ತಲೆಯ ಮೇಲಿದ್ದ 0.7 ಮಿಲಿಮೀಟರ್ ಎತ್ತರದ ಷಡ್ಭುಜವು ಮೂಲತಃ ಇಂಪ್ಲಾಂಟನ್ನು ಮೂಳೆಯೊಳಗೆ ತಿರುಗಿಸಲು ಬೇಕಾದ ಹಿಡಿಕೆಯಾಗಿತ್ತು. ಹಲವು ಇಂಪ್ಲಾಂಟ್‌ಗಳನ್ನು ಒಂದೇ ಸೇತುವೆಯಿಂದ ಬಂಧಿಸುತ್ತಿದ್ದ ಕಾಲದಲ್ಲಿ ಅದಕ್ಕಿಂತ ಹೆಚ್ಚಿನದು ಬೇಕಾಗಿರಲಿಲ್ಲ. ಒಂಟಿ ದಂತಕ್ಕೆ ಅದನ್ನೇ ಬಳಸಿದಾಗ, ಅಬಟ್‌ಮೆಂಟ್ ತಿರುಗದಂತೆ ತಡೆಯುವ ಹೊಸ ಹೊಣೆಯು ಆ ಕಿರಿದಾದ ಷಡ್ಭುಜದ ಮೇಲೆ ಬಿತ್ತು. ಪಕ್ಕದಿಂದ ಬೀಳುವ ಅಗಿತದ ಭಾರವೂ ಬಹುಮಟ್ಟಿಗೆ ತಿರುಪಿನ ಪಾಲಾಯಿತು.

ಇಂಪ್ಲಾಂಟಿನೊಳಗಿನ ಶಂಕುವಿನಾಕಾರದ ಕುಳಿಯಲ್ಲಿ ಅಬಟ್‌ಮೆಂಟನ್ನು ಕೂರಿಸುವ ಪದ್ಧತಿಯು ಈ ದೋಷವನ್ನು ಬಹುಮಟ್ಟಿಗೆ ತಗ್ಗಿಸಿದೆ. ಅಲ್ಲಿ ಇಳಿಜಾರಾದ ಗೋಡೆಯೇ ಭಾರದ ಬಹುಪಾಲನ್ನು ಹೊರುತ್ತದೆ. ಆದರೆ ಇದನ್ನು ಸರ್ವರೋಗನಿವಾರಕವೆಂಬಂತೆ ವರ್ಣಿಸುವ ಲೇಖನಗಳನ್ನು ಒಪ್ಪಲಾಗದು. ಅಗಿತದ ಒತ್ತಡಕ್ಕೆ ಅಬಟ್‌ಮೆಂಟ್ ಮತ್ತಷ್ಟು ಒಳಕ್ಕೆ ಇಳಿಯಬಹುದು. ಸಪುರವಾದ ಇಂಪ್ಲಾಂಟಿನಲ್ಲಿ ಗೋಡೆ ತೆಳುವಾಗಿ ಬಿರುಕುಬಿಡಬಹುದು. ಸಡಿಲಿದ ತಿರುಪನ್ನು ಮರಳಿ ಬಿಗಿಯಬಹುದು, ಸೀಳಿದ ಇಂಪ್ಲಾಂಟನ್ನು ಮೂಳೆಯಿಂದ ತೆಗೆಯದೆ ಗತ್ಯಂತರವಿಲ್ಲ.

ಪ್ರಯೋಗಶಾಲೆಯ ಪರೀಕ್ಷೆಗಳ ವಿಷಯದಲ್ಲಿಯೂ ಎಚ್ಚರ ಅವಶ್ಯಕ. ಐ.ಎಸ್.ಓ. 14801 ಎಂಬ ಮಾನಕವು ಇಂಪ್ಲಾಂಟನ್ನು 30 ಡಿಗ್ರಿ ಓರೆಯಾಗಿ ನಿಲ್ಲಿಸಿ, ಒಣ ಸ್ಥಿತಿಯಲ್ಲಿ 50 ಲಕ್ಷ ಬಾರಿ ಭಾರ ಹಾಕಿ ಆಯಾಸದಿಂದಾಗುವ ಭಂಗವನ್ನು ಅಳೆಯುತ್ತದೆ. ಒಂದು ವಿನ್ಯಾಸವನ್ನು ಇನ್ನೊಂದರೊಡನೆ ಹೋಲಿಸಲು ಇದು ಸಾಧನವೇ ಹೊರತು ಬಾಯಿಯೊಳಗಿನ ಬಾಳಿಕೆಯ ಭವಿಷ್ಯವಾಣಿಯಲ್ಲ. ಇದನ್ನು ಮರೆತು, ಪರೀಕ್ಷೆಯಲ್ಲಿ ಮುರಿಯದ ಸಂಧಿ ರೋಗಿಯಲ್ಲಿ ಸಡಿಲಲಾರದೆಂದು ತೀರ್ಮಾನಿಸುವುದು ತರ್ಕದೋಷ.

ಆದುದರಿಂದ ಮುಂದಿನ ಸಂಶೋಧಕರು ಮೂಳೆಯ ಫಲಿತಾಂಶವನ್ನೂ ಸಂಧಿಯ ಫಲಿತಾಂಶವನ್ನೂ ಬೇರೆಬೇರೆಯಾಗಿ ವರದಿ ಮಾಡತಕ್ಕದ್ದು. ಸಂಧಿಯ ಬಗೆ, ತಿರುಪಿನ ಲೋಹ, ಬಿಗಿದ ಬಲ ಇವುಗಳನ್ನೂ, ಪ್ರತಿಯೊಂದು ಮರುಬಿಗಿತವನ್ನೂ ದಾಖಲಿಸತಕ್ಕದ್ದು. ಮೂಳೆಯಲ್ಲಿ ಭದ್ರವಾಗಿ ನಿಂತ ಬೇರು ಚಿಕಿತ್ಸೆಯ ಅರ್ಧಭಾಗ. ರೋಗಿಯು ಬಯಸಿ ಬಂದದ್ದು ಅಗಿಯಬಲ್ಲ ದಂತವನ್ನು.